ಭಾನುವಾರದ ನೆರೆಮನೆ

ಗೇಟಿನ ನೆತ್ತಿಯ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಹಾಕಿ ಕೂತಾಗ ನನಗೆ ಎರಡು ವಿಷಯ ಮನವರಿಕೆಯಾದವು. ಒಂದು, ನನ್ನ ವಯಸ್ಸಿನ ಹೆಂಗಸು ಗೇಟು ಹತ್ತಬಾರದು. ಇನ್ನೊಂದು, ಈ ಗೇಟಿಗೆ ಬಣ್ಣ ಬಳಿದು ಇನ್ನೂ ಪೂರ್ತಿ ಒಣಗಿಲ್ಲ.

ಮೊದಲೇ ಆಚೆಗೆ ಎಸೆದ ಬಟ್ಟೆಚೀಲ ಕಂಬಿಗೆ ಸಿಕ್ಕಿಕೊಂಡು ಅಂಗೈಯಗಲದ ಹಸಿರು ಕಲೆ ಮಾಡಿಕೊಂಡಿತ್ತು. ಮಗಳು ಹೊಲಿದುಕೊಟ್ಟ ಚೀಲ. ಬಣ್ಣ ಬಳಿದವನಿಗೆ ಮನಸಾರೆ ಶಾಪ ಹಾಕಿ, ಮಂಡಿಯನ್ನು ಪುಸಲಾಯಿಸುತ್ತಾ ಆ ಕಡೆ ಇಳಿದೆ.

ಮೊನ್ನೆ ಭಾನುವಾರ ನಾವು ಮೂವರು ಕಾರಿನಲ್ಲಿ ಬಂದಾಗ ಇದೇ ಗೇಟು ಪೂರ್ತಿ ತೆರೆದಿತ್ತು. ಎಷ್ಟು ತೆರೆದಿತ್ತೆಂದರೆ, ಅಲ್ಲೊಂದು ಗೇಟು ಇದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಇವತ್ತು ಮಂಗಳವಾರ. ಮುಷ್ಟಿಗಾತ್ರದ ಬೀಗ ನೇತಾಡುತ್ತಿತ್ತು.

ಮೂವರು ಎಂದರೆ ನಾನು, ನರ್ಸಮ್ಮ, ಅವರ ತಮ್ಮ. ನರ್ಸಮ್ಮ ಇನ್ನು ಮೂರು ತಿಂಗಳಿಗೆ ನಿವೃತ್ತರಾಗುತ್ತಾರೆ. ಅವತ್ತೇ ಆಸ್ಪತ್ರೆಯ ಕ್ವಾರ್ಟರ್ಸ್ ಕೂಡ ಖಾಲಿ ಮಾಡಬೇಕು. ಮದುವೆಯಾಗಲಿಲ್ಲ, ಬೇರೆ ಮನೆಯಿಲ್ಲ. ತಂದೆತಾಯಿ ಹೋದ ಮೇಲೆ ತಮ್ಮನನ್ನು ಆ ಎರಡು ಕೋಣೆಯ ಕ್ವಾರ್ಟರ್ಸ್‌ನಲ್ಲೇ ಸಾಕಿದರು. ಉಳಿಸಿದ್ದಷ್ಟನ್ನೂ ಸುರಿದು ಹಳ್ಳಿ ಕಡೆ ಒಂದು ತುಂಡು ಜಾಗ ಕೊಂಡು, ಚಿಕ್ಕ ಮನೆ ಕಟ್ಟಿಕೊಂಡು, ಬೆಳಿಗ್ಗೆ ಎದ್ದ ತಕ್ಷಣ ಯಾರ ಜ್ವರವನ್ನೂ ನೋಡದೆ ಇರಬೇಕು ಎಂಬುದು ಅವರ ಆಸೆ.

ಅದಕ್ಕಾಗಿ ಎಷ್ಟೋ ಭಾನುವಾರ ಅಲೆದಿದ್ದರು. ಚೆಂದದ ಜಾಗ ಕೈಗೆಟುಕುತ್ತಿರಲಿಲ್ಲ. ಕೈಗೆಟುಕುವ ಜಾಗದಲ್ಲಿ ಒಂದೋ ಕೆಸರು, ಇಲ್ಲವೇ ಬೇಲಿಯ ಎರಡೂ ಕಡೆ ನಿಂತು ಬೈದಾಡುವ ಅಣ್ಣತಮ್ಮಂದಿರು. ಕೊನೆಗೆ ತಮ್ಮನ ಮೂಲಕ ಇದು ಸಿಕ್ಕಿತ್ತು. ಇಳಿಜಾರು ಇಲ್ಲ, ಒಳ್ಳೆ ಮಣ್ಣು, ಬೆಲೆ ಅರ್ಧಕ್ಕರ್ಧ ಕಡಿಮೆ. ನಾಡಿದ್ದು ಗುರುವಾರ ಸಹಿ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವನು ತಮ್ಮ. ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. "ಅಕ್ಕ ಜಾಗ ತಗೋತಿದಾಳೆ, ಸ್ವಲ್ಪ ವಿಚಾರಿಸಿ. ಏನೇ ಗೊತ್ತಾದ್ರೂ ನನಗೆ ಹೇಳ್ಬೇಡಿ, ಅಕ್ಕನಿಗೇ ಹೇಳಿ," ಅಂದಿದ್ದ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡು, ಈಗ ಸ್ವಂತಕ್ಕೆ ಪತ್ತೇದಾರಿ ಮಾಡುವವಳು ನಾನು. ಮನೆಯಲ್ಲಿ ನನ್ನ ಹೆಸರೇ ಅನುಮಾನದಮ್ಮ. ಫೀಸು ಕೊಟ್ಟವನೇ ಸುದ್ದಿ ಬೇಡ ಅಂದದ್ದು ಇದೇ ಮೊದಲು. ಆದರೂ ಆವತ್ತು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಗೇಟಿನಿಂದ ಜಾಗದವರೆಗೆ ಮಣ್ಣಿನ ದಾರಿ. ಎರಡೂ ಬದಿಗೆ ಯಾರದೋ ಹೊಲ. ನಡೆಯುತ್ತಾ ನಡೆಯುತ್ತಾ ಒಂದು ವಿಷಯ ಹೊಳೆಯಿತು. ಕಾಗದಪತ್ರ ನಾನು ನೋಡಿದ್ದೆ, ಎಲ್ಲ ಅಚ್ಚುಕಟ್ಟು. ಜಾಗದ ನಾಲ್ಕೂ ಮೂಲೆ ಅಳೆದು ಬರೆದಿದ್ದರು. ಆ ಜಾಗಕ್ಕೆ ಹೋಗುವ ದಾರಿಯ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ಇದ್ದ ದಾರಿಯನ್ನು ಕಣ್ಣಾರೆ ಕಂಡವರು ಅದನ್ನು ಕಾಗದದಲ್ಲಿ ಹುಡುಕುವುದಿಲ್ಲ. ನಾನೂ ಹುಡುಕಿರಲಿಲ್ಲ.

ಈ ಹೊಲದವನು ಬೀಗ ಹಾಕಿದನೆಂದರೆ ನರ್ಸಮ್ಮ ತಮ್ಮ ಮನೆಗೆ ಹಾರಿಕೊಂಡು ಹೋಗಬೇಕು.

ಹಾಗಾದರೆ ಪಕ್ಕದ ಮನೆಯಾಕೆ ಹೇಗೆ ಓಡಾಡುತ್ತಾಳೆ? ನರ್ಸಮ್ಮ ಕೊಳ್ಳಲಿದ್ದ ಜಾಗದ ಪಕ್ಕಕ್ಕೇ ತಿಳಿನೀಲಿ ಬಣ್ಣದ ಚಿಕ್ಕ ಮನೆಯೊಂದಿತ್ತು. ಭಾನುವಾರ ಆ ಮನೆಯಾಕೆ ನಮ್ಮನ್ನು ಒಳಗೆ ಕರೆದು ಚಹಾ ಕೊಟ್ಟಿದ್ದಳು. "ಮೂರು ವರ್ಷ ಆಯ್ತು ಇಲ್ಲಿ ಬಂದು. ಸಿಟಿ ಕಡೆ ತಲೆ ಹಾಕಿ ಮಲಗೋದೂ ಇಲ್ಲ ನಾನು," ಅಂದಿದ್ದಳು. ನರ್ಸಮ್ಮನ ಮುಖ ಅರಳಿದ್ದು ಮಣ್ಣು ನೋಡಿ ಅಲ್ಲ, ಆಕೆಯನ್ನು ನೋಡಿ. ಬರುವಾಗ ಕಾರಿನಲ್ಲಿ, "ಕಷ್ಟಸುಖಕ್ಕೆ ಒಂದು ಜೀವ ಪಕ್ಕದಲ್ಲಿದ್ರೆ ಸಾಕು ಕಣ್ರೀ," ಎಂದು ಎರಡು ಸಲ ಹೇಳಿದ್ದರು.

ಆ ಮನೆಗೂ ಇವತ್ತು ಬೀಗ.

ಹಗ್ಗದ ಮೇಲೆ ಒಂದು ಹೊದಿಕೆ, ಎರಡು ಟವೆಲ್ ಒಣಗುತ್ತಿದ್ದವು. ಭಾನುವಾರ ಕಂಡದ್ದೂ ಅವೇ. ಹೊದಿಕೆಯನ್ನು ತಿರುಗಿಸಿದೆ. ಬಿಸಿಲು ಬೀಳುವ ಬದಿ ಬಿಳಿಚಿಕೊಂಡಿತ್ತು, ಗೋಡೆ ಕಡೆಯ ಬದಿ ಗಾಢ ಕೆಂಪು. ಒಗೆದು ಹಾಕುವ ಬಟ್ಟೆ ಹೀಗೆ ಒಂದೇ ಕಡೆ ಮಾಸುವುದಿಲ್ಲ. ಅದು ತಿಂಗಳುಗಟ್ಟಲೆ ಅಲ್ಲೇ ನೇತಾಡುತ್ತಿತ್ತು.

ಬಾಗಿಲ ಬಳಿಯ ಗುಲಾಬಿ ಗಿಡಗಳ ಬುಡಕ್ಕೆ ಬೆರಳು ಹಾಕಿದೆ. ಮಣ್ಣಿನಡಿಯಲ್ಲಿ ಪ್ಲಾಸ್ಟಿಕ್ ಕುಂಡದ ಅಂಚು ಸಿಕ್ಕಿತು. ಕುಂಡ ಸಮೇತ ಹೂತಿದ್ದರು. ಒಂದು ಗಿಡ ಬಾಡಿದರೆ ಎತ್ತಿ ಇನ್ನೊಂದು ಇಡುವುದು ಸುಲಭ.

ಹಿಂದಕ್ಕೆ ಹೋಗದಂತೆ ತಗಡಿನ ಬೇಲಿ. ಸಂದಿಯಲ್ಲಿ ಇಣುಕಿದೆ. ನಾವು ಕೂತು ಚಹಾ ಕುಡಿದ ಕೋಣೆಯ ಹಿಂದೆ ಮನೆಯೇ ಇರಲಿಲ್ಲ. ಎದೆಮಟ್ಟದ ಗೋಡೆ, ಚಾವಣಿಯಿಲ್ಲದ ಆಕಾಶ, ಮಳೆಗೆ ನೆಂದು ಕಲ್ಲಾದ ಸಿಮೆಂಟ್ ಚೀಲಗಳು.

ಕಟ್ಟೆಯ ಮೇಲೆ ಕೂತೆ. ಹಳ್ಳಿಯ ಮೌನ ನನಗೆ ಆಗಿಬರುವುದಿಲ್ಲ, ಬಸ್ಸಿನ ಹಾರ್ನ್ ಇಲ್ಲದೆ ನನಗೆ ಯೋಚನೆಯೇ ಓಡದು. ಆದರೂ ಭಾನುವಾರವನ್ನು ಮೊದಲಿನಿಂದ ನೆನಪಿಸಿಕೊಂಡೆ.

ಆಕೆ ಚಹಾ ಸುರಿದದ್ದು ಫ್ಲಾಸ್ಕಿನಿಂದ. ಸ್ವಂತ ಅಡುಗೆಮನೆ ಇದ್ದವಳು ಅತಿಥಿಗಳು ಬಂದಾಗ ಒಲೆ ಹಚ್ಚದೆ ಫ್ಲಾಸ್ಕ್ ಯಾಕೆ ಬಗ್ಗಿಸುತ್ತಾಳೆ? ನನ್ನ ತಲೆಗೆ ಅದು ಆಗಲೇ ಹೊಳೆಯಬೇಕಿತ್ತು. ನರ್ಸಮ್ಮನಿಗೆ ಹೊಳೆಯುವ ಹಾಗೇ ಇರಲಿಲ್ಲ. ಜೀವಮಾನವಿಡೀ ಡ್ಯೂಟಿ ಕೋಣೆಯಲ್ಲಿ ಫ್ಲಾಸ್ಕಿನ ಚಹಾ ಕುಡಿದವರಿಗೆ ಚಹಾ ಬರುವುದೇ ಅದರಿಂದ.

ಇನ್ನೊಂದು ನೆನಪಾಯಿತು. ಮಾತಿನ ಮಧ್ಯೆ ಆಕೆ ನರ್ಸಮ್ಮನ ಮುಖದಿಂದ ಕನ್ನಡಕ ತೆಗೆದು, ಜೇಬಿನಿಂದ ಪುಟ್ಟ ಬಟ್ಟೆ ತೆಗೆದು ಒರೆಸಿ, ಕಡ್ಡಿಗಳನ್ನು ಹದವಾಗಿ ಬಗ್ಗಿಸಿ, ಎರಡೂ ಕೈಯಿಂದ ಮತ್ತೆ ಹಾಕಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದ್ದಳು. ಅಪರಿಚಿತರ ಕಿವಿಯ ಹಿಂದೆ ಇಷ್ಟು ಸಲೀಸಾಗಿ ಬೆರಳು ಹಾಕುವವರು ಎಷ್ಟು ಜನ?

ಸಿಟಿಗೆ ತಲೆಯೇ ಹಾಕದವಳನ್ನು ಹುಡುಕಲು ಸಿಟಿಗೆ ವಾಪಸು ಹೊರಟೆ. ಗೇಟು ಮತ್ತೆ ಹತ್ತಬೇಕಾಯಿತು, ಅದರ ವಿವರ ಬೇಡ.

ಮರುದಿನ ಮಧ್ಯಾಹ್ನದ ಹೊತ್ತಿಗೆ ನಾನು ಸಾಕಷ್ಟು ಕನ್ನಡಕದ ಅಂಗಡಿಗಳಲ್ಲಿ ಸಾಕಷ್ಟು ಫ್ರೇಮು ಮೂಗಿಗೇರಿಸಿ ಇಳಿಸಿದ್ದೆ. ಬಸ್ ನಿಲ್ದಾಣದ ಹಿಂದಿನ ಬೀದಿಯ ಇಕ್ಕಟ್ಟಾದ ಅಂಗಡಿಯಲ್ಲಿ ಮಾಲೀಕ ಒಳಗೆ ಕೂಗಿ ಹೇಳಿದ: "ನೋಡಮ್ಮಾ, ಇವರ ಕಣ್ಣು ಟೆಸ್ಟ್ ಮಾಡು."

ಪರದೆ ಸರಿಸಿ ಬಂದವಳು ಪಕ್ಕದ ಮನೆಯಾಕೆ.

ಬಿಳಿ ಕೋಟು ಹಾಕಿದ್ದಳು. ಗುರುತು ಹಿಡಿದದ್ದು ಕಣ್ಣಿನಲ್ಲಿ ಕಂಡಿತು, ಆದರೆ ಮುಖ ತಿರುಗಿಸಲಿಲ್ಲ. ಕುರ್ಚಿ ತೋರಿಸಿ, ಭಾರದ ಪರೀಕ್ಷೆ ಕನ್ನಡಕವನ್ನು ನನ್ನ ಮೂಗಿನ ಮೇಲೆ ಕೂರಿಸಿ, ಎಡಗಣ್ಣು ಮುಚ್ಚಿದಳು. ಹೊರಗೆ ಮಾಲೀಕ ಯಾರಿಗೋ ಬೆಲೆ ಹೇಳುತ್ತಿದ್ದ.

"ಕೊನೇ ಸಾಲು ಓದಿ," ಅಂದಳು.

ಓದಿದೆ. "ನೀವು ಸರಿಮಾಡಿಕೊಟ್ಟ ಮೇಲೆ ನರ್ಸಮ್ಮನಿಗೆ ಕಿವಿ ಹಿಂದೆ ಒತ್ತೋದು ನಿಂತೋಯ್ತಂತೆ. ನಿಮ್ಮನ್ನ ತುಂಬ ಹೊಗಳ್ತಾ ಇದ್ರು," ಅಂದೆ.

ಆಕೆ ಗಾಜು ಬದಲಿಸಿದಳು. "ಈಗ ಹೇಗೆ ಕಾಣತ್ತೆ?"

"ಈಗ ಚೆನ್ನಾಗೇ ಕಾಣತ್ತೆ. ಹಿಂದಿನ ಕೋಣೆಗೆ ಚಾವಣಿ ಇಲ್ಲ, ಗಿಡಗಳು ಕುಂಡದಲ್ಲಿವೆ, ಗೇಟಿಗೆ ಬೀಗ ಇದೆ. ವಾರಕ್ಕೆ ಎಷ್ಟು ಕೊಡ್ತಾರೆ ನಿಮಗೆ?"

"ಏನೂ ಕೊಡಲ್ಲ."

ಗಾಜುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಾ ನಿಂತಳು. ಹೊರಗಿನವರಿಗೆ ಕೇಳಬಾರದೆಂದು ದನಿ ತಗ್ಗಿಸಿದಳು. "ನಾನು ಬಾಡಿಗೆಗೆ ಬಂದು ನಾಟಕ ಆಡೋಳಲ್ಲ. ಆ ಜಾಗ ನಂದೇ. ಆ ಅರ್ಧ ಮನೆ ನನ್ನ ದುಡ್ಡಲ್ಲೇ ಕಟ್ಟಿದ್ದು. ನಾನೂ ಭಾನುವಾರನೇ ಹೋಗಿ ನೋಡಿದ್ದು. ಆರು ದಿನ ಅಂಗಡೀಲಿ ಇರೋರು ಬೇರೆ ಯಾವತ್ತು ಹೋಗ್ತಾರೆ? ಕೆಲಸ ಶುರು ಮಾಡಿದ ಮೇಲೆ ಒಂದು ಬುಧವಾರ ಸಿಮೆಂಟ್ ಲಾರಿ ಗೇಟ್ ಹತ್ರ ನಿಂತುಹೋಯ್ತು."

"ಯಾರು ಮಾರಿದ್ದು?"

"ಮೇಷ್ಟ್ರು."

ಮೇಷ್ಟ್ರನ್ನು ನಾನೂ ಕಂಡಿದ್ದೆ. ಜಾಗದ ದಲ್ಲಾಳಿ. ಹಿಂದೆ ಎಲ್ಲೋ ಪಾಠ ಹೇಳಿದ್ದರಂತೆ, ಹೆಸರು ಹಾಗೇ ಉಳಿದಿತ್ತು. ನಿಧಾನಕ್ಕೆ ಮಾತಾಡುವ, ಯಾರನ್ನೂ ಅವಸರಪಡಿಸದ ಮನುಷ್ಯ. ಅವಸರಪಡಿಸದ ದಲ್ಲಾಳಿ ಎಂದಾಗಲೇ ನನಗೆ ಕಸಿವಿಸಿಯಾಗಿತ್ತು.

"ನಾನು ಹೋಗಿ ಜಗಳ ಆಡ್ದೆ, ಕಣ್ಣೀರು ಹಾಕ್ದೆ," ಆಕೆ ಹೇಳುತ್ತಿದ್ದಳು. "ಅವರೂ ಪಾಪ ಬೇಜಾರು ಮಾಡ್ಕೊಂಡ್ರು. ಮುಂದಿನ ಹೊಲದ ಯಜಮಾನ ದಾರಿ ಕೊಡ್ತೀನಿ ಅಂದು ಮಾತು ತಪ್ಪಿದನಂತೆ. ಭಾರಿ ಹಠಮಾರಿಯಂತೆ. ದಾರಿ ಮಾರ್ತೀನಿ, ಆದ್ರೆ ದೊಡ್ಡ ರೇಟು ಅಂತಾನಂತೆ. ಎಲ್ಲಾ ಪ್ಲಾಟೂ ಮಾರಿಹೋದ್ರೆ, ಎಲ್ಲಾರೂ ಸೇರಿ ಕೊಂಡ್ಕೋಬಹುದು ಅಂದ್ರು ಮೇಷ್ಟ್ರು. ಅಲ್ಲೀವರೆಗೂ ಭಾನುವಾರ ಮಾತ್ರ ಗೇಟ್ ತೆಗೆಸಿಕೊಡ್ತೀನಿ ಅಂದ್ರು."

"ಆ ಯಜಮಾನನ್ನ ನೀವು ನೋಡಿದೀರಾ?"

"ಇಲ್ಲ. ಯಾರೂ ನೋಡಿಲ್ಲ. ಮೇಷ್ಟ್ರೇ ಮಾತಾಡೋದು."

"ಅದಕ್ಕೆ ನೀವು ಬಂದೋರಿಗೆಲ್ಲ ಮೂರು ವರ್ಷದಿಂದ ಇಲ್ಲೇ ಇದೀನಿ ಅಂತ ಸುಳ್ಳು ಹೇಳ್ತೀರಿ."

"ಸುಳ್ಳು ಅಂತ ನನಗನ್ನಿಸಲ್ಲ," ಅಂದಳು. "ಮುಂದೆ ಆಗೋದನ್ನ ಸ್ವಲ್ಪ ಮೊದಲೇ ಹೇಳ್ತೀನಿ ಅಷ್ಟೇ. ನೆರೆಹೊರೆ ಬಂದ್ರೆ ದಾರಿ ಬರತ್ತೆ. ದಾರಿ ಬಂದ್ರೆ ನಾನು ಹೇಳಿದ್ದೆಲ್ಲ ನಿಜ ಆಗತ್ತೆ." ತಟ್ಟೆಯ ಮುಚ್ಚಳ ಹಾಕಿದಳು. "ಬೆಳಿಗ್ಗೆ ಫ್ಲಾಸ್ಕ್ ತುಂಬಿಸ್ಕೊಂಡು ಹೋಗ್ತೀನಿ. ಗಿಡಕ್ಕೆ ನೀರು ಹಾಕ್ತೀನಿ. ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ವಾರಕ್ಕೊಂದು ದಿನ ನಾನು ರಿಟೈರ್ ಆಗ್ತೀನಿ ಅಂತ ಇಟ್ಕೊಳ್ಳಿ."

ಬೈಯಬೇಕೆಂದು ಹೋದವಳು ನಾನು. ಆಕೆಯ ಮೇಲೆ ಸಿಟ್ಟಿತ್ತು, ಆದರೆ ಕನಿಕರ ಅದಕ್ಕಿಂತ ಮುಂದೆ ಬಂದು ನಿಂತಿತ್ತು.

"ನರ್ಸಮ್ಮನ ಪ್ಲಾಟ್ ಹೋದ್ರೆ ಎಲ್ಲಾ ಮುಗಿದ ಹಾಗಾ?" ಕೇಳಿದೆ.

"ಅದು ಹೊಸ ಪ್ಲಾಟ್ ಅಲ್ಲ. ಅದು ಆಗಲೇ ಒಬ್ರು ತಗೊಂಡಿದ್ದು. ಪೂರ್ತಿ ದುಡ್ಡು ಕೊಟ್ಟು ಕರಾರು ಮಾಡ್ಕೊಂಡಿದಾರೆ, ರಿಜಿಸ್ಟ್ರಿ ಆಗಿಲ್ಲ. ಗೇಟಿನ ವಿಷಯ ಗೊತ್ತಾಗಿ, ನನ್ನ ಕಟ್ಟೆ ಮೇಲೆ ಕೂತು ಅತ್ತುಬಿಟ್ರು ಪಾಪ. ಬೇರೆ ಗಿರಾಕಿ ಕರ್ಕೊಂಡು ಬಂದ್ರೆ ನಿಮ್ಮ ದುಡ್ಡು ನಿಮಗೆ ಅಂದ್ರಂತೆ ಮೇಷ್ಟ್ರು."

"ಯಾರವರು?"

ಆಕೆ ನನ್ನ ಮುಖದಿಂದ ಪರೀಕ್ಷೆ ಕನ್ನಡಕ ತೆಗೆದಳು. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ನೀವು ಅವರ ಜೊತೇಲೇ ಬಂದ್ರಲ್ಲ."

ಒಮ್ಮೆಲೇ ಭಾನುವಾರದ ಇನ್ನೊಂದು ಗಳಿಗೆ ಕಣ್ಣಮುಂದೆ ಬಂತು. ಕೈ ತೊಳೆಯಬೇಕು ಎಂದು ನರ್ಸಮ್ಮ ಕೇಳಿದ್ದರು. ಮನೆಯಾಕೆ ಬಾಯಿ ಬಿಡುವ ಮೊದಲೇ ತಮ್ಮ ಎದ್ದು, "ಬಾ ಅಕ್ಕ," ಎಂದು ಗೋಡೆಯ ಬದಿಗೆ, ತಗಡಿನ ಮರೆಗೆ ಕರೆದೊಯ್ದಿದ್ದ. ನಲ್ಲಿ ಹೊರಗಿನಿಂದ ಕಾಣುವಂತಿರಲಿಲ್ಲ.

ನನಗೆ ಹೇಳಬೇಡಿ, ಅಕ್ಕನಿಗೇ ಹೇಳಿ, ಅಂದಿದ್ದ ತಮ್ಮ.

ತಾನು ಬಿದ್ದ ಹಳ್ಳದ ಕಡೆಗೇ ಅಕ್ಕನನ್ನು ಕೈಹಿಡಿದು ನಡೆಸುತ್ತಾ, ಯಾರಾದರೂ ತಡೆಯಲಿ ಎಂದು ನನಗೆ ಫೀಸು ಕೊಟ್ಟಿದ್ದ. ತಾನೇ ಬಾಯಿಬಿಡುವ ಧೈರ್ಯ ಅವನಿಗಿರಲಿಲ್ಲ. ನಾನು ಎಷ್ಟೋ ಜನ ಮೋಸಗಾರರನ್ನು ಕಂಡಿದ್ದೇನೆ, ಸಿಕ್ಕಿಬೀಳಲು ಸಂಬಳ ಕೊಟ್ಟವನನ್ನು ಕಂಡಿರಲಿಲ್ಲ.

ಸಂಜೆ ಆಸ್ಪತ್ರೆಯ ಮೂರನೇ ಮಹಡಿಗೆ ಹೋದಾಗ ಪಾಳಿ ಬದಲಾಗುತ್ತಿತ್ತು. ನರ್ಸಮ್ಮ ಡ್ಯೂಟಿ ಕೋಣೆಯಲ್ಲಿ ಒಬ್ಬರೇ ಇದ್ದರು. ಕಬ್ಬಿಣದ ಬೀರು, ಅದರ ಮೇಲೆ ಫ್ಲಾಸ್ಕ್. ನನಗೂ ಒಂದು ಲೋಟ ಸುರಿದರು. ಆ ಲೋಟ ಹಿಡಿಯಲು ನನಗೆ ಒಂಥರಾ ಆಯಿತು.

ಹೇಳಿದೆ. ಬೀಗದ ಗೇಟು, ದಾರಿಯಿಲ್ಲದ ಕಾಗದ, ಮಾಸಿದ ಹೊದಿಕೆ, ಪಕ್ಕದ ಮನೆಯಾಕೆಯ ಬಿಳಿ ಕೋಟು. ಎಲ್ಲವನ್ನೂ ಹೇಳಿ, ತಮ್ಮನ ಹತ್ತಿರ ಬರುವಾಗ ನಿಲ್ಲಿಸಿದೆ.

"ನಾಳೆ ಸಹಿ ಮಾಡ್ಬೇಡಿ," ಅಂದೆ ಕೊನೆಗೆ.

"ನಾಳೆ ಮಾಡಲ್ಲ," ಅಂದರು ನರ್ಸಮ್ಮ. "ಇವತ್ತು ಬೆಳಿಗ್ಗೇನೇ ಮಾಡ್ಬಿಟ್ಟೆ."

ನನ್ನ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕೂತದ್ದು ನನಗೇ ತಿಳಿಯಲಿಲ್ಲ.

"ಯಾಕೆ?"

"ನಾಳೆ ಆಗಿದ್ರೆ ಅವನೂ ಬರ್ತಿದ್ದ. ಕೊನೇ ಗಳಿಗೇಲಿ ಬೇಡ ಅಕ್ಕ ಅಂದುಬಿಡ್ತಿದ್ದ. ಅವನ ಮುಖ ನೋಡ್ತಾ ಸಹಿ ಹಾಕೋಕೆ ನನಗೂ ಆಗ್ತಿರ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ನಲ್ಲಿ ಎಲ್ಲಿ ಅಂತ ನಾನು ಕೇಳಿದ್ದು ಆಕೆಯನ್ನ. ಎದ್ದಿದ್ದು ಅವನು." ನರ್ಸಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಎರಡು ವರ್ಷದಿಂದ ಅವನು ಒಂದು ಜೊತೆ ಶೂ ತಗೊಂಡಿಲ್ಲ. ಕೇಳಿದ್ರೆ ಹಳೇದೇ ಚೆನ್ನಾಗಿದೆ ಅಂತಾನೆ. ದುಡ್ಡೆಲ್ಲ ಎಲ್ಲಿಗೆ ಹೋಯ್ತು ಅಂತ ಯೋಚನೆ ಮಾಡ್ತಾನೇ ಇದ್ದೆ. ಅವತ್ತು ಗೊತ್ತಾಯ್ತು. ಅಕ್ಕನಿಗೆ ಗೊತ್ತಿಲ್ದೆ ಅಕ್ಕನಿಗೋಸ್ಕರ ಜಾಗ ತಗೊಂಡಿದಾನೆ, ಮೋಸ ಹೋಗಿದಾನೆ. ಜಾಗದಲ್ಲಿ ಏನೋ ಐಬಿದೆ ಅಂತ ಅಂದ್ಕೊಂಡೆ. ಏನು ಅಂತ ಮಾತ್ರ ನೀವು ಈಗ ಹೇಳಿದ್ಮೇಲೇ ಗೊತ್ತಾಗಿದ್ದು."

"ಗೊತ್ತಿದ್ದೂ ಗುಂಡಿಗೆ ಬಿದ್ರಾ? ನಿಮ್ಮ ಗತಿ ಏನು? ಮೂರು ತಿಂಗಳಾದ್ಮೇಲೆ ಎಲ್ಲಿಗೆ ಹೋಗ್ತೀರಿ?" ನನಗೆ ನಿಜಕ್ಕೂ ರೇಗಿತ್ತು. ಮೇಷ್ಟ್ರ ಮೇಲೆ, ತಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಹೆಂಗಸಿನ ಶಾಂತ ಮುಖದ ಮೇಲೆ.

"ಬೈಯ್ರಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ. ಅವನ ಜಾಗ ನಾನು ತಗೊಂಡ್ರೆ ಅವನ ದುಡ್ಡು ಅವನಿಗೆ ವಾಪಸ್ ಬರತ್ತೆ. ಅವನಿಗೆ ಇನ್ನೂ ಸಂಸಾರ ಆಗ್ಬೇಕು, ಮಕ್ಕಳಾಗ್ಬೇಕು. ನನಗೇನು, ಒಂದು ಕೋಣೆ ಸಾಕು. ನನಗೆ ಗೊತ್ತಾಗಿದೆ ಅಂತ ಅವನಿಗೆ ಹೇಳ್ಬೇಡಿ, ಅಷ್ಟೇ. ಅಕ್ಕನ ಮುಂದೆ ತಲೆ ತಗ್ಗಿಸ್ಕೊಂಡು ಅವನು ಬದುಕೋದು ನನಗೆ ನೋಡೋಕಾಗಲ್ಲ."

ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಇಲ್ಲಿಗೆ ನನ್ನ ಕೆಲಸ ಮುಗಿಯಿತು ಅನ್ನಿಸಿತು. ಕೇಸು ಗೆದ್ದು ಮನುಷ್ಯರನ್ನು ಸೋತು ಎದ್ದು ಹೋಗುವ ಸಂಕಟ ನನಗೆ ಹೊಸದಲ್ಲ. ಹೊರಡಲೆಂದು ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ನರ್ಸಮ್ಮ ಕನ್ನಡಕ ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ, ಚೀಲ ನೋಡುತ್ತಿದ್ದರು.

"ಈ ಹಸಿರು ಎಲ್ಲಿ ತಾಗಿಸ್ಕೊಂಡ್ರಿ?"

"ಅದೇ ಹಾಳು ಗೇಟು. ಯಾವನೋ ಹಿಂದಿನ ದಿನ ಬಣ್ಣ ಬಳಿದಿದ್ದ. ಚೀಲ ಆಚೆಗೆ ಎಸೆಯುವಾಗ ತಾಗ್ತು."

ಅವರು ಮುಂದಕ್ಕೆ ಬಾಗಿ, ಕಲೆಯನ್ನು ಬೆರಳ ತುದಿಯಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ರೋಗಿಯ ಉಗುರಿನ ಬಣ್ಣ ನೋಡಿ ಡಾಕ್ಟರಿಗೆ ಓಡಬೇಕೋ ಬೇಡವೋ ನಿರ್ಧರಿಸುವವರ ಕಣ್ಣು ಅದು. ಆ ಶಾಂತ ಮುಖದಲ್ಲಿ ಮೊದಲ ಸಲ ಬೇರೇನೋ ಕಾಣಿಸಿಕೊಂಡಿತು.

"ಮುಂದಿನ ಹೊಲದ ಯಜಮಾನನ್ನ ಯಾರೂ ನೋಡಿಲ್ಲ ಅಂದ್ರಲ್ಲ?"

"ಹೂಂ. ಮೇಷ್ಟ್ರೇ ಮಾತಾಡೋದಂತೆ."

"ಬೆಳಿಗ್ಗೆ ಸಹಿ ಹಾಕುವಾಗ ಮೇಷ್ಟ್ರು ಕಾಗದ ಒತ್ತಿ ಹಿಡ್ಕೊಂಡಿದ್ರು," ಅಂದರು ನರ್ಸಮ್ಮ. "ಅಭ್ಯಾಸಬಲ, ನಾನು ಉಗುರು ನೋಡ್ದೆ. ಹತ್ತೂ ಉಗುರಿನ ಸಂದಿಯಲ್ಲಿ ಇದೇ ಹಸಿರು."

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಬೇರೆಯವರ ಗೇಟಿಗೆ ಯಾರಾದ್ರೂ ಕೂತ್ಕೊಂಡು ಕೈಯಾರೆ ಬಣ್ಣ ಬಳೀತಾರಾ?"